ಅಧ್ಯಕ್ಷೆಯ ಮಡಿಲಲ್ಲಿ ಸರೋಜಾಳ ಮಗು

ಗೆಳತಿಯರೇ, ಇವತ್ತು ಜಯನಗರದ ನಮ್ಮ ಹೆಂಗಸರ ಸಂಘದಲ್ಲಿ ನಡೆದದ್ದು ಕೇಳಿ. ಗಂಡ ತೀರಿಕೊಂಡ ಮೇಲೆ ಸಂಘ ಕೊಡುವ ಅಕ್ಕಿಯಲ್ಲೇ ಬದುಕುತ್ತಿದ್ದ ಸರೋಜಾಗೆ ನಮ್ಮ ಹೊಲಿಗೆ ಕೋಣೆಯಲ್ಲೇ ಕೆಲಸ ಕೊಟ್ಟೆವು. "ಇನ್ಮೇಲೆ ನಿನ್ನ ಕಾಲ ಮೇಲೆ ನೀನೇ ನಿಲ್ಬೇಕು," ಎಂದು ಅಧ್ಯಕ್ಷೆ ಸುಂದರಮ್ಮನವರು ಬುದ್ಧಿ ಹೇಳಿದರು.

"ನಿಲ್ತೀನಮ್ಮಾ. ಆದ್ರೆ ಕೆಲ್ಸದ ಹೊತ್ನಲ್ಲಿ ಮಗೂನ ಎಲ್ಲಿ ಬಿಡ್ಲಿ? ಜಾಗ ಇಲ್ದಿದ್ರೆ ಮತ್ತೆ ಅಕ್ಕಿಗೇ ಬರ್ಬೇಕು."

ಅದನ್ನು ನಾವ್ಯಾರೂ ಯೋಚಿಸಿರಲಿಲ್ಲ.

"ಜಾಗ ಸಿಗೋವರ್ಗೂ ನೀವೇ ಹಿಡ್ಕೊಂಡಿರಿ," ಎಂದು ಸರೋಜಾ ಮಗುವನ್ನು ಸುಂದರಮ್ಮನವರ ಮಡಿಲಿಗಿಟ್ಟು ಮಿಷನ್ನಿನ ಮುಂದೆ ಹೋಗಿ ಕೂತಳು. ಮಗು ನಿದ್ದೆಹೋಯಿತು. ಹೊರಗೆ ಅವರ ಜಟಕಾ ಕಾಯುತ್ತಿತ್ತು, ಆದರೆ ಮಗು ಎಚ್ಚರವಾದೀತೆಂದು ಸುಂದರಮ್ಮನವರು ಏಳುವಂತಿರಲಿಲ್ಲ.

"ನಾಳೆಯಿಂದ್ಲೇ ಮಗು ನೋಡ್ಕೊಳ್ಳೋಕೆ ಒಬ್ಳು ಆಯಾನ ಇಡಿ," ಎಂದು ನಮಗೆ ಪಿಸುಗುಟ್ಟಿದರು.

ಮಧ್ಯಾಹ್ನ ಸರೋಜಾ ಮಗುವನ್ನು ಎತ್ತಿಕೊಳ್ಳಲು ಬಂದಳು.

"ಶ್! ಈಗಷ್ಟೇ ನಿದ್ದೇಲಿ ನಗ್ತಾ ಇತ್ತು. ನೀನು ಹೋಗಿ ಹೊಲಿ," ಎಂದರು ಸುಂದರಮ್ಮನವರು.

ಆಯಾ ಹುಡುಕಲು ಅಷ್ಟೇನೂ ಅವಸರವಿಲ್ಲವೆಂದು ಕಾಣುತ್ತದೆ.