ಕಾಲು ಮುಂದಾಗಿ ಹುಟ್ಟಿದವಳ ಸೊಂಟ

ನಾನು ಕಾಲು ಮುಂದಾಗಿ ಹುಟ್ಟಿದವಳು. ಅಮ್ಮನಿಗೆ ನನ್ನ ಮೇಲೆ ಸಿಟ್ಟು ಬಂದಾಗಲೆಲ್ಲ, "ಹುಟ್ಟೋವಾಗ್ಲೇ ನನ್ನ ಒದ್ಕೊಂಡು ಬಂದೋಳು ಕಣೇ ನೀನು" ಎನ್ನುತ್ತಿದ್ದಳು. ಆದರೆ ಕುರುಬರಹಳ್ಳಿಯ ನಮ್ಮ ಬೀದಿಯಲ್ಲಿ ಅದೇ ನನಗೊಂದು ಪದವಿ ತಂದುಕೊಟ್ಟಿತು. ಹಾಗೆ ಹುಟ್ಟಿದವರು ಉಳುಕಿದ ಸೊಂಟಕ್ಕೆ ಮೂರು ಸಲ ಒದ್ದರೆ ಉಳುಕು ಬಿಟ್ಟುಹೋಗುತ್ತದೆ ಎಂಬುದು ನಮ್ಮ ಜನರ ನಂಬಿಕೆ. ಒದೆ ಎಂದರೆ ಗಾಬರಿಯಾಗಬೇಡಿ. ಬಂದವರನ್ನು ಬಾಗಿಲ ಚೌಕಟ್ಟು ಹಿಡಿದು ನಿಲ್ಲಲು ಹೇಳಿ, ಪಾದವನ್ನು ಸೊಂಟಕ್ಕೆ ಆನಿಸಿ, ಮೆತ್ತಗೆ ಒತ್ತಿ ತೆಗೆಯುವುದು, ಅಷ್ಟೇ. ಹಿರಿಯರಾದರೆ ಒದ್ದ ತಕ್ಷಣ ನಾನೇ ಬಗ್ಗಿ ಅವರ ಕಾಲಿಗೆ ನಮಸ್ಕಾರ ಮಾಡಿಬಿಡುತ್ತಿದ್ದೆ. ಹೂವಿನವಳು, ಇಸ್ತ್ರಿಯವರು, ಮಹಡಿಯ ಬಾಡಿಗೆಯವರು, ಎಲ್ಲರೂ ನನ್ನ ಬಾಗಿಲಿಗೆ ಬಂದವರೇ.

ಅಂಥ ನನ್ನ ಸೊಂಟವೇ ಒಂದು ಶನಿವಾರ ಬೆಳಿಗ್ಗೆ ಕೈಕೊಟ್ಟಿತು. ಇಡ್ಲಿಗೆ ರುಬ್ಬಿ ಮುಗಿಸಿ ಗ್ರೈಂಡರಿನ ಗುಂಡು ಎತ್ತುತ್ತಿದ್ದೆ. "ಇರೇ, ನಾನ್ ಎತ್ಕೊಡ್ತೀನಿ" ಎಂದು ನಮ್ಮ ಯಜಮಾನರು ಕೂಗಿದ್ದು ಕೇಳಿಸಿತ್ತು. ಅವರ ಮಾತು ಕೇಳಿ ನನಗೆ ಅಭ್ಯಾಸವಿಲ್ಲ. ಬೆನ್ನಿನ ಕೆಳಗೆ ಚಳಕ್ ಎಂದಿತು. ಬಗ್ಗಿದವಳು ಬಗ್ಗಿದ ಹಾಗೇ, ಹಿಟ್ಟಿನ ಕೈಯಲ್ಲಿ ಗೋಡೆ ಹಿಡಿದುಕೊಂಡು ಹೋಗಿ ಮಲಗಿದೆ.

ಮೂಳೆ ಡಾಕ್ಟರ ಹತ್ತಿರ ಹೋಗಲಿಲ್ಲ ಎಂದಲ್ಲ. ಅವರು ಪರೀಕ್ಷೆ ಮಾಡಿ, ಸ್ಕ್ಯಾನ್ ನೋಡಿ, ನರಕ್ಕೇನೂ ಆಗಿಲ್ಲ, ಆಪರೇಷನ್ ಬೇಕಿಲ್ಲ, ಸ್ವಲ್ಪ ದಿನ ಮಾತ್ರೆ ತೆಗೆದುಕೊಂಡು ಓಡಾಡಿಕೊಂಡಿರಿ ಎಂದರು. ನಾನು ಮಾತ್ರೆ ನುಂಗಿದೆ, ಓಡಾಡುವುದನ್ನು ಬಿಟ್ಟೆ. ನೋವಿರುವವಳಿಗೆ ಓಡಾಡು ಎನ್ನುತ್ತಾರಲ್ಲ, ಇವರಿಗೇನು ತಲೆ ಕೆಟ್ಟಿದೆಯಾ ಎಂದುಕೊಂಡು, ಹಳೇ ಸೀರೆಯೊಂದನ್ನು ಸೊಂಟಕ್ಕೆ ಬಿಗಿದು ಚಾಪೆಯ ಮೇಲೆ ಮಲಗಿದ್ದೇ ಮಲಗಿದ್ದು. ಮೂರು ವಾರ ಕಳೆದರೂ ನೋವು ಇದ್ದಲ್ಲೇ ಇತ್ತು.

ಬೇರೆ ಸಮಯವಾಗಿದ್ದರೆ ಸಹಿಸಿಕೊಳ್ಳುತ್ತಿದ್ದೆನೇನೋ. ಆಗ ನನ್ನ ಒಬ್ಬಳೇ ಮಗಳು ಆರು ತಿಂಗಳ ಬಸುರಿ. ಅವಳ ಬಾಣಂತನ ನನ್ನ ಕೈಯಲ್ಲೇ ಆಗಬೇಕು ಎಂದು ಅವಳ ಮದುವೆ ಚಪ್ಪರದಲ್ಲೇ ತೀರ್ಮಾನಿಸಿದ್ದೆ. ಮಣೆಯ ಮೇಲೆ ಕೂತು, ಕಾಲು ನೀಡಿ, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತೀಡಿ ನೀರು ಎರೆಯುವುದನ್ನು ನನ್ನ ಅಜ್ಜಿ ನನಗೆ ಕಲಿಸಿದ್ದಳು. ನನ್ನ ಮಗಳಿಗೆ ನಾನೇ ಎರೆದಿದ್ದೆ. ಅವಳ ಮಗುವಿಗೂ ನಾನೇ ಎರೆಯಬೇಕು ಎಂಬುದೊಂದೇ ಆಸೆ. ಆ ಕೆಲಸಕ್ಕೆ ಮೊದಲು ಬೇಕಾದದ್ದೇ ಸೊಂಟ.

ಸೀಮಂತದ ದಿನ ಎಲ್ಲರೂ ಆರತಿ ಎತ್ತುತ್ತಿದ್ದರೆ ನಾನು ಪ್ಲಾಸ್ಟಿಕ್ ಕುರ್ಚಿಯಲ್ಲಿ ವಾಲಿಕೊಂಡು ಕೂತಿದ್ದೆ. ಶ್ರೀಗಂಧದ ಕಾವಲು ಬಡಾವಣೆಯ ನಮ್ಮ ಬೀಗಿತ್ತಿ ಪಕ್ಕಕ್ಕೆ ಬಂದು, "ನೀವ್ ಆರಾಮಾಗಿರಿ. ಬಾಣಂತನ ನಮ್ಮನೇಲೇ ಮಾಡ್ಕೋತೀವಿ. ಮಗೂಗೆ ನೀರ್ ಹಾಕಕ್ಕೆ ಒಬ್ರನ್ನ ಗೊತ್ತು ಮಾಡಿದೀನಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. "ಅದನ್ನ ಆಮೇಲೆ ನೋಡೋಣ" ಎಂದು ಹಲ್ಲು ಕಚ್ಚಿ ಹೇಳಿ, ಬಚ್ಚಲುಮನೆಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತೆ.

ಅಳು ನಿಂತ ಮೇಲೆ ಒಂದು ಪ್ರಶ್ನೆ ಹುಟ್ಟಿತು. ಬೀದಿಗೆಲ್ಲ ಒದ್ದವಳು ನಾನು. ನನಗೆ ಒದೆಯುವವರು ಯಾರು?

ಹೂವಿನವಳ ಮೂಲಕ ಹುಡುಕಾಟ ಶುರುವಾಯಿತು. ಈಗ ಹಾಗೆ ಹುಟ್ಟಿದವರು ಸಿಗುವುದೇ ಕಷ್ಟ, ಎಲ್ಲ ಆಪರೇಷನ್ ಮಕ್ಕಳೇ. ಕೊನೆಗೆ ಕೆಂಗೇರಿಯಲ್ಲಿ ಒಬ್ಬರು ಪತ್ತೆಯಾದರು. ವಯಸ್ಸಿನಲ್ಲಿ ಗರಡಿಯಲ್ಲಿ ಕುಸ್ತಿ ಆಡಿದವರಂತೆ. ಮಗಳಿಗೆ ಒಂದು ಮಾತೂ ಹೇಳದೆ, ಯಜಮಾನರನ್ನು ಎಳೆದುಕೊಂಡು ವಿಜಯನಗರದಲ್ಲಿ ಮೆಟ್ರೋ ಹತ್ತಿದೆ. ಅವರ ಮನೆಯ ಬಾಗಿಲು ಹಿಡಿದು ನಿಂತಾಗ ಆ ಮನುಷ್ಯ, "ಹೆಂಗಮ್ಮ, ಜೋರಾಗ್ ಹಾಕ್ಲಾ?" ಎಂದು ಕೇಳಿದರು. ನನ್ನ ಜಂಬ ನೋಡಿ. "ಹಾಕಿ ಅಣ್ಣ, ನಾನೂ ಇದೇ ಕಸುಬಿನೋಳೇ" ಎಂದುಬಿಟ್ಟೆ. ಅವರು ಎರಡು ಹೆಜ್ಜೆ ಹಿಂದೆ ಸರಿದ ಸದ್ದು ಕೇಳಿದಾಗಲೇ ಏನೋ ಎಡವಟ್ಟಾಗುತ್ತಿದೆ ಎನ್ನಿಸಿತು. ಅಯ್ಯೋ ಶಿವನೇ! ಅಂಥ ಒದೆಯನ್ನು ನಾನು ಜನ್ಮದಲ್ಲಿ ಯಾರಿಗೂ ಹಾಕಿಲ್ಲ. ಉಳಿದ ಎರಡು ಒದೆಗಳನ್ನು ಅಲ್ಲೇ ಬಿಟ್ಟು ಆಟೋದಲ್ಲಿ ಮಲಗಿಕೊಂಡು ವಾಪಸ್ ಬಂದೆ.

ವಿಷಯ ಮಗಳಿಗೆ ಗೊತ್ತಾಯಿತು. ನಗಲೂ ಇಲ್ಲ, ಬೈಯಲೂ ಇಲ್ಲ. ಮೊದಲು ಮೂಳೆ ಡಾಕ್ಟರಿಗೆ ಮತ್ತೊಮ್ಮೆ ತೋರಿಸಿ, ಮೂಳೆಗೆ ಏಟಾಗಿಲ್ಲ ಎಂದು ಖಾತ್ರಿ ಮಾಡಿಕೊಂಡಳು. ಆಮೇಲೆ ಬಸವೇಶ್ವರನಗರದಲ್ಲಿ ಆಸ್ಟಿಯೋಪತಿ ಅಂತ, ಕೈಯಿಂದಲೇ ಕೀಲು ಸಡಿಲಿಸುವ ಚಿಕಿತ್ಸೆ ಮಾಡುವ ಒಬ್ಬರಿದ್ದಾರೆ, ನಾಳೆ ಹೋಗುತ್ತಿದ್ದೇವೆ ಎಂದಳು. ನಾನು ಕೊಸರಾಡಿದೆ. "ಅಮ್ಮ, ನೀನಾಗೇ ಬರ್ತೀಯೋ, ಇಲ್ಲ ಈ ಹೊಟ್ಟೆ ಜೊತೆ ನಿನ್ನನ್ನೂ ಎತ್ಕೊಂಡು ಹೋಗ್ಲೋ?" ಎಂದಳು. ಎತ್ತಿಕೊಂಡು ಹೋಗುವ ಪೈಕಿಯೇ ಅವಳು.

ಅಲ್ಲಿದ್ದದ್ದು ನನ್ನ ಮಗಳ ವಯಸ್ಸಿನ ಹುಡುಗಿ. ಮಿಷನ್ ಇಲ್ಲ, ಸೂಜಿ ಇಲ್ಲ, ಔಷಧಿ ಇಲ್ಲ. ಒಂದು ಎತ್ತರದ ಮಂಚ ಮತ್ತು ಅವಳ ಎರಡು ಕೈ. ಮೊದಲ ಅರ್ಧ ಗಂಟೆ ಬರೀ ಪ್ರಶ್ನೆ. ಕಾಲು ಜೋಮು ಹಿಡಿಯುತ್ತದೆಯೇ, ಮೂತ್ರಕ್ಕೆ ತೊಂದರೆ ಇದೆಯೇ, ಹೆರಿಗೆ ಹೇಗಾಯಿತು, ಯಾವ ಮಗ್ಗುಲಲ್ಲಿ ಮಲಗುತ್ತೀರಿ. ನಿಲ್ಲಿಸಿ, ನಡೆಸಿ, ಬಗ್ಗಿಸಿ ನೋಡಿದಳು. ನೋವಿರುವುದು ಸೊಂಟದಲ್ಲಿ, ಇವಳು ಪಕ್ಕೆಲುಬು, ತೊಡೆಯ ಕೀಲು, ಪಾದ ಎಲ್ಲ ಮುಟ್ಟಿ ನೋಡುತ್ತಿದ್ದಾಳೆ! ಇದೆಂಥ ಪದ್ಧತಿಯಮ್ಮ ಎಂದೆ. "ಆಂಟಿ, ಸೊಂಟ ಒಂದೇ ಕೆಲಸ ಮಾಡಲ್ಲ. ಅಕ್ಕಪಕ್ಕದ್ದೆಲ್ಲ ಬಿಗಿದ್ಕೊಂಡಿದ್ರೆ ಪಾಪ ಅದೊಂದೇ ಎಷ್ಟು ಅಂತ ಹೊರುತ್ತೆ?" ಎಂದಳು. ಅವಿಭಕ್ತ ಕುಟುಂಬದ ಸೊಸೆಯಾಗಿದ್ದವಳಿಗೆ ಅದು ತಕ್ಷಣ ಅರ್ಥವಾಯಿತು.

ಬೋರಲು ಮಲಗಿಸಿದಾಗ ಅವಳ ಕೈ ಒಂದು ಕಡೆ ನಿಂತಿತು. "ಇಲ್ಲಿ ಏಟು ಬಿದ್ದಿದೆ. ಎಲ್ಲಾದ್ರೂ ಬಿದ್ರಾ?"

"ಬಾಗಿಲು ತಗುಲಿತು."

"ಬಾಗ್ಲಿಗೆ ಹಿಮ್ಮಡಿ ಇರುತ್ತಾ ಆಂಟಿ?"

ಮುಚ್ಚಿಡಲು ಇನ್ನೇನು ಉಳಿದಿತ್ತು? ಕೆಂಗೇರಿಯ ಕಥೆಯನ್ನೂ, ನನ್ನ ಪದವಿಯ ಕಥೆಯನ್ನೂ ಹೇಳಿದೆ. ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ, ನಕ್ಕಿದ್ದಕ್ಕೆ ನೋವಾಗಿ ಬೈದೆ. ಆಮೇಲೆ ಅವಳು ಕಣ್ಣೊರೆಸಿಕೊಂಡು ಕೇಳಿದಳು: "ನೀವು ಕಾಲಿಟ್ಟಾಗ, ಎಷ್ಟು ಒತ್ತಿದ್ರೆ ಸಾಕು ಅಂತ ಹೆಂಗೆ ಗೊತ್ತಾಗ್ತಿತ್ತು?"

ನನ್ನನ್ನು ಇದುವರೆಗೆ ಯಾರೂ ಅದನ್ನು ಕೇಳಿರಲಿಲ್ಲ. ಯೋಚಿಸಿ ಹೇಳಿದೆ: "ಅವ್ರು ಹೆದ್ರಿ ಉಸಿರು ಬಿಗಿಹಿಡ್ಕೊಂಡಿರ್ತಾರೆ. ಅದನ್ನ ಬಿಟ್ಟ ತಕ್ಷಣ ಕಾಲು ತೆಗೀತಿದ್ದೆ."

"ನಾನೂ ಅದಕ್ಕೇ ಕಾಯ್ತಿರೋದು. ನೀವು ಇಲ್ಲಿ ಬಂದಾಗಿಂದ ಸರಿಯಾಗಿ ಉಸಿರೇ ಬಿಟ್ಟಿಲ್ಲ" ಎಂದಳು. ನಾನು ಬಿಟ್ಟೆ. ಅವಳ ಅಂಗೈ ಆ ಉಸಿರಿನ ಜೊತೆಗೇ ಮೆಲ್ಲಗೆ ಕೆಳಗಿಳಿಯಿತು. ಆ ಹೊತ್ತಿಗೆ ನನಗೆ ಅವಳ ಮೇಲೆ ನಂಬಿಕೆ ಬಂತು.

ಒಂದೇ ದಿನದಲ್ಲಿ ಎದ್ದು ಕುಣಿದೆ ಎಂದರೆ ಸುಳ್ಳಾಗುತ್ತದೆ. ವಾರಕ್ಕೊಮ್ಮೆ ಹೋದೆ. ಕೆಲವೊಮ್ಮೆ ಕೀಲುಗಳನ್ನು ತೂಗಿ ಸಡಿಲ ಮಾಡುತ್ತಿದ್ದಳು, ಕೆಲವೊಮ್ಮೆ ಬಿಗಿದ ಕಡೆ ಸುಮ್ಮನೆ ಕೈ ಇಟ್ಟು ಕಾಯುತ್ತಿದ್ದಳು. ಎರಡನೇ ವಾರ ನೋವು ಮತ್ತೆ ಹೆಚ್ಚಿತು. "ನಿನ್ನಿಂದ ಆಗಲ್ಲ ಅಂದ್ರೆ ಹೇಳ್ಬಿಡಮ್ಮ" ಎಂದು ಜಗಳಕ್ಕೆ ನಿಂತೆ. ಅವಳು ಜಗ್ಗಲಿಲ್ಲ. ಏರಿಳಿತ ಇದ್ದೇ ಇರುತ್ತದೆ, ಎಲ್ಲರಿಗೂ ಒಂದೇ ಥರ ವಾಸಿಯಾಗುವುದಿಲ್ಲ, ಆದರೆ ಮಲಗಿಕೊಂಡೇ ಇದ್ದರೆ ಇನ್ನಷ್ಟು ಬಿಗಿಯುತ್ತದೆ ಎಂದು ಹೇಳಿ, ಸೊಂಟದ ಸೀರೆ ಬಿಚ್ಚಿಸಿ ಕಳಿಸಿದಳು. ದಿನಾ ಬೆಳಿಗ್ಗೆ ಬೀದಿಯ ತುದಿಯ ಗಿರಣಿಯವರೆಗೆ ನಡೆಯುವುದು ನನ್ನ ಪಾಠ. ನಾಲ್ಕನೇ ವಾರ ಒಗ್ಗರಣೆ ಹಾಕುವಾಗ ಜೋರಾಗಿ ಸೀನಿದೆ. ಸೀನಿ ಆದಮೇಲೆ ಗೊತ್ತಾಯಿತು, ಸೊಂಟ ಏನೂ ಅನ್ನಲಿಲ್ಲ! ಸೌಟು ಹಿಡಿದುಕೊಂಡೇ ಹಜಾರಕ್ಕೆ ಓಡಿ, "ರೀ, ಸೀನಿದೆ ಕಣ್ರೀ!" ಎಂದು ಕೂಗಿದೆ. ಅವರು ಕೈಲಿದ್ದ ಪೇಪರ್ ಕೆಳಗಿಟ್ಟು ಚಪ್ಪಾಳೆ ತಟ್ಟಿದರು.

ಕೊನೆಯ ಸಲ ಹೋದಾಗ ಅವಳು, ಮಗುವಿಗೆ ಎರೆಯುವುದು ಹೇಗೆ ಮಾಡಿ ತೋರಿಸಿ ಎಂದಳು. ನೆಲದ ಮೇಲೆ ಕಾಲು ನೀಡಿ, ಸುತ್ತಿದ ಟವೆಲನ್ನೇ ಮಗು ಮಾಡಿಕೊಂಡು ತೋರಿಸಿದೆ. ಮಣೆಯನ್ನು ಗೋಡೆಗೆ ಒತ್ತಿ ಇಡಿ, ಕುಂಡಿಯ ಕೆಳಗೆ ಮಡಿಸಿದ ಕಂಬಳಿ ಹಾಕಿ ಎತ್ತರ ಮಾಡಿ ಎಂದಳು. ಎಲ್ಲಕ್ಕೂ ಒಪ್ಪಿದೆ. ಹಿಂದಕ್ಕೆ ತಿರುಗಿ ತಂಬಿಗೆಯಲ್ಲಿ ನೀರು ಮೊಗೆಯುವುದು ಮಾತ್ರ ಬೇಡ, ನೀರನ್ನು ಬೇರೆಯವರು ಹಾಕಲಿ ಎಂದಾಗ ಸಿಟ್ಟು ಬಂತು. ಮನೆಗೆ ಬರುವ ದಾರಿಯುದ್ದಕ್ಕೂ ಗೊಣಗಿದೆ. ಮನೆಗೆ ಬಂದವಳೇ ಬೀಗಿತ್ತಿಗೆ ಫೋನ್ ಮಾಡಿ, "ಮಗೂಗೆ ನಾನೇ ಎರೀತೀನಿ. ನೀರ್ ಹಾಕಕ್ಕೆ ನೀವು ಬರ್ತೀರಾ?" ಎಂದು ಕೇಳಿದೆ. ಆ ಕಡೆಯಿಂದ ಅವರು, "ದಿನಾ ಬರ್ತೀನಿ" ಎಂದರು.

ಒಂಬತ್ತನೇ ತಿಂಗಳ ಸ್ಕ್ಯಾನಿನಲ್ಲಿ ಮಗು ತಲೆ ಮೇಲೆ ಮಾಡಿಕೊಂಡು, ಕಾಲು ಕೆಳಗೆ ಬಿಟ್ಟುಕೊಂಡಿತ್ತು. ಡಾಕ್ಟರು ಆಪರೇಷನ್ ಮಾಡಿಯೇ ತೆಗೆದರು. ಹೆಣ್ಣು ಮಗು, ತಾಯಿಯೂ ಕ್ಷೇಮ. ಆಪರೇಷನ್ ಮಗು ಲೆಕ್ಕಕ್ಕೆ ಬರುವುದಿಲ್ಲ ಎಂದು ಹೂವಿನವಳು ವಾದ ಮಾಡಿದಳು. ಹೊಟ್ಟೆಯಿಂದ ಮೊದಲು ಈಚೆ ಬಂದದ್ದು ಕಾಲೇ ಎಂದು ಡಾಕ್ಟರ ಬಾಯಿಂದಲೇ ಕೇಳಿಸಿಕೊಂಡಿದ್ದೇನೆ, ಸುಮ್ಮನಿರು ಎಂದೆ.

ಹೊಕ್ಕುಳು ಬಿದ್ದು, ಡಾಕ್ಟರು ಹೂಂ ಎಂದ ಮೇಲೆ ಮೊದಲ ಎಣ್ಣೆನೀರು. ಗೋಡೆಗೆ ಒತ್ತಿದ ಮಣೆ, ಮಡಿಸಿದ ಕಂಬಳಿ, ನೀಡಿದ ನನ್ನ ಕಾಲುಗಳ ಮೇಲೆ ಅವಳು. ಬೀಗಿತ್ತಿ ಮೊಣಕೈಯಿಂದ ನೀರಿನ ಹದ ನೋಡಿ ನೋಡಿ ಹಾಕಿದರು. ಕೂಸು ಕಿರುಚಿತು, ಕೆಂಪಾಯಿತು, ಕೊನೆಗೆ ಬಾಯಿ ತೆರೆದು ಆಕಳಿಸಿತು. ನನ್ನ ಅಜ್ಜಿ ಕಲಿಸಿದ್ದನ್ನು ಒಂದೂ ಬಿಡದೆ ಮಾಡಿದೆ.

ಟವೆಲಿನಲ್ಲಿ ಸುತ್ತಿದ ಮಗುವನ್ನು ಎತ್ತಿಕೊಂಡು ಬೀಗಿತ್ತಿ, "ಒಂದ್ ನಿಮ್ಷ ಆ ಕಡೆ ತಿರುಗಿ" ಎಂದರು. ಎದ್ದು ತಿರುಗಿ ಬಾಗಿಲ ಚೌಕಟ್ಟು ಹಿಡಿದೆ. ಹುಣಿಸೆಹಣ್ಣಿನಷ್ಟು ಪಾದ ನನ್ನ ಸೊಂಟಕ್ಕೆ ತಗುಲಿತು. ಒಂದು. ಎರಡು. ಮೂರು. ಹಿಡಿದಿದ್ದೆನೆಂದೇ ಗೊತ್ತಿರದ ಉಸಿರು ಹೊರಗೆ ಬಂತು.

ಹಿರಿಯರಿಗೆ ಒದ್ದ ಮೇಲೆ ಒದ್ದವರು ನಮಸ್ಕಾರ ಮಾಡಬೇಕು. ಅವಳಿಗಿನ್ನೂ ಕತ್ತೇ ನಿಂತಿಲ್ಲ. ಬೀಗಿತ್ತಿ ಅವಳನ್ನು ಚಾಪೆಯ ಮೇಲೆ ಮಲಗಿಸಿದ ಮೇಲೆ, ಅವಳ ಪರವಾಗಿ ನಾನೇ ನೆಲದವರೆಗೆ ಬಗ್ಗಿ ಆ ಪಾದಗಳನ್ನು ಕಣ್ಣಿಗೊತ್ತಿಕೊಂಡೆ. ಏಳುವಾಗ ಯಜಮಾನರು ಕೈ ನೀಡಿದರು. ಆ ಕೈಗೆ ಒದ್ದೆ ಟವೆಲು ಕೊಟ್ಟು, ಮಗುವನ್ನು ಎತ್ತಿಕೊಂಡು ಎದ್ದು ನಿಂತೆ.