ಅಣ್ಣನ ಸೇಬು, ನನ್ನ ಕೇಕು

ನನ್ನ ಅಣ್ಣ ನಿಡೋಣಿಯ ಹೊಲದಲ್ಲಿ ದ್ರಾಕ್ಷಿ ತೋಟದ ಪಕ್ಕ ಸೇಬಿನ ಗಿಡ ಹಚ್ಚಿದಂದಿನಿಂದ ನಮ್ಮ ಮನೆಯಲ್ಲಿ ಯಾರೂ ನೆಮ್ಮದಿಯಿಂದ ಒಂದು ಸೇಬು ತಿಂದಿಲ್ಲ. ಬಿಸಿಲೂರಲ್ಲೂ ಬೆಳೆಯುವ ತಳಿ, ಅದರ ಹೆಸರು 'ಅನ್ನಾ' ಎಂದು ಅವನು ಫೋನಿನಲ್ಲಿ ಹೇಳಿದಾಗ ನನಗೆ 'ಅಣ್ಣಾ' ಎಂದು ಕೇಳಿಸಿತ್ತು. ತಳಿಗೆ ತನ್ನದೇ ಹೆಸರಿಟ್ಟುಕೊಂಡಿದ್ದಾನೆ ಎಂದುಕೊಂಡೆ. ಅವನ ಸ್ವಭಾವ ಬಲ್ಲ ನನಗೆ ಆಶ್ಚರ್ಯವೇನೂ ಆಗಲಿಲ್ಲ.

ಮೊದಲ ಫಲ ಬಂದ ವರ್ಷ, ಬೇಸಿಗೆಯ ಕೊನೆಗೆ, ಅವ್ವನನ್ನು ಕರೆದುಕೊಂಡು ವಿಜಯಪುರಕ್ಕೆ ಬಂದ. ನಾನು ನೌಕರಿ ಮಾಡಿಕೊಂಡು ಗಂಡನ ಜೊತೆ ಗೋಳಗುಮ್ಮಟದ ಹತ್ತಿರದ ಓಣಿಯೊಂದರಲ್ಲಿ ಇದ್ದೇನೆ. ಅಣ್ಣ ಚೀಲ ಇಳಿಸಿದವನೇ ಒಂದು ಹಣ್ಣು ತೆಗೆದು ಕೈಗೆ ಕೊಟ್ಟ.

"ತಿಂದ ಹೇಳ ಬೇ. ಖರೇನ ಹೇಳಬೇಕ ಮತ್ತ."

ಕಚ್ಚಿದೆ. ಹಲ್ಲು ಜುಮ್ಮೆಂದವು. "ಹುಳಿ ಐತಿ ಅಣ್ಣಾ" ಅಂದೆ.

"ಹುಳಿ ಅಲ್ಲ ಅದು, ರುಚಿ. ಮೇಣ ಹಚ್ಚಿದ ಹಣ್ಣ ತಿಂದ ತಿಂದ ನಿಮ್ಮ ಪ್ಯಾಟಿ ಮಂದಿ ನಾಲಿಗಿ ಸತ್ತಾವ."

ಸಾಬೀತು ಮಾಡಿ ತೋರಿಸುತ್ತೇನೆಂದು ಹೊರಗೆ ಹೋಗಿ ಗಾಡಿಯವರಲ್ಲಿ ಸಿಕ್ಕ ಸೇಬನ್ನೆಲ್ಲ ತಂದ. ಕೋಲ್ಡ್ ಸ್ಟೋರೇಜಿನ ಕಾಶ್ಮೀರಿ, ಸ್ಟಿಕರ್ ಅಂಟಿಸಿದ ಕಡುಗೆಂಪು ವಿದೇಶಿ, ಗೀರು ಗೀರಿನ ಸಣ್ಣ ಜಾತಿ, ಜೊತೆಗೆ ಹಸಿರು ಸೇಬು. ಹೋಳು ಮಾಡಿ ತಾಟಿನಲ್ಲಿ ಜೋಡಿಸಿ ನಮ್ಮನ್ನು ಸುತ್ತ ಕೂರಿಸಿದ. ಅವ್ವ ಕಾಶ್ಮೀರಿಗೆ ಕೈ ಹಾಕಿದಳು. ಅದು ಹಿಟ್ಟು ಹಿಟ್ಟಾಗಿತ್ತು. ಆದರೆ ಅವಳಿಗೆ ಉಳಿದಿರುವ ಹಲ್ಲುಗಳಿಗೆ ಅದೇ ಸರಿ. ನನ್ನ ಗಂಡನಿಗೆ ಕರುಂ ಕರುಂ ಎಂದು ಕಚ್ಚಿ ತಿನ್ನುವ ವಿದೇಶಿ ಹಣ್ಣೇ ಇಷ್ಟ. ನಾನು ಗೀರಿನದನ್ನು ತಿಂದೆ. ಸಿಹಿಯ ಹಿಂದೆ ತುಸುವೇ ಹುಳಿ ಇತ್ತು. ಹಸಿರಿನದನ್ನು ಎಲ್ಲರೂ ಕಾಯಿ ಎಂದು ಪಕ್ಕಕ್ಕೆ ಸರಿಸಿದರು. ಅಣ್ಣನ ಸೇಬಿನ ಹೋಳುಗಳು ಹಾಗೇ ಕಂದುಬಣ್ಣಕ್ಕೆ ತಿರುಗಿದವು. ಅವನ ಮುಖವೂ ಸಣ್ಣದಾಯಿತು.

ಮುಲಾಜಿಗೆ ಬಿದ್ದು ನಾನೇ ಕೇಕು ಮಾಡುತ್ತೇನೆಂದೆ. ಒಂದೇ ಹಿಟ್ಟು ಕಲಸಿ, ಒಂದು ಡಬ್ಬಿಗೆ ಕಾಶ್ಮೀರಿ, ಇನ್ನೊಂದಕ್ಕೆ ಅಣ್ಣನ ಸೇಬು ಹಾಕಿ ಓವನ್ನಿನಲ್ಲಿಟ್ಟೆ. ಕಾಶ್ಮೀರಿ ನೀರು ಬಿಟ್ಟು, ಕೇಕಿನ ಹೊಟ್ಟೆಯೆಲ್ಲ ಶಿರಾ ಆಯಿತು. ಅಣ್ಣನ ಸೇಬಿನ ತುಂಡುಗಳು ಮಾತ್ರ ಗಟ್ಟಿಯಾಗಿ ನಿಂತವು. ಹುಳಿಯು ಸಕ್ಕರೆ ದಾಲ್ಚಿನ್ನಿಯ ಜೊತೆ ಸೇರಿ ರುಚಿ ಅದ್ಭುತವಾಗಿತ್ತು.

"ಅಣ್ಣಾ, ಬೇಯಿಸಾಕ ಇದರಂಥಾ ಹಣ್ಣ ಇಲ್ಲ ನೋಡ."

"ಬೇಯಿಸಾಕ? ನಾ ಏನ ಬದನಿಕಾಯಿ ಬೆಳದೇನೇನು?" ಎಂದವನು ಎದ್ದೇ ಹೋದ.

ಅಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ಹಣ್ಣನ್ನು ತಿಕೋಟಾ ಸಂತೆಗೆ ಒಯ್ದ. ಕಚ್ಚಿ ನೋಡಿದವರು ಮುಖ ಕಿವುಚಿದರು. ಒಬ್ಬಾಕೆ ಉಪ್ಪಿನಕಾಯಿಗೆ ಬರುತ್ತದೇನು ಎಂದು ಕೇಳಿದಳಂತೆ. ಮಾರದೆ ಉಳಿದದ್ದೆಲ್ಲ ಬಸ್ಸಿನಲ್ಲಿ ನನ್ನ ಮನೆಗೆ ಬರತೊಡಗಿತು. ನಾನು ಆಫೀಸಿನಿಂದ ಬಂದು ಸೀರೆ ಬದಲಿಸುವ ಮೊದಲೇ ಸೇಬು ಹೆಚ್ಚಲು ಕೂರಬೇಕಾಯಿತು. ಕೇಕಿನ ಸುದ್ದಿ ಅಣ್ಣನ ಹೆಂಡತಿ, ಅಂದರೆ ನಮ್ಮ ವೈನಿಯ ತವರು ಬಿಜ್ಜರಗಿಯವರೆಗೂ ಹೋಗಿ, ಅಲ್ಲಿಯವರು ವಿಜಯಪುರಕ್ಕೆ ಯಾವುದೇ ಕೆಲಸಕ್ಕೆ ಬಂದರೂ ನಮ್ಮ ಮನೆ ಹೊಕ್ಕು ಹೋಗತೊಡಗಿದರು. ತನ್ನ ಅಂಗಿಯೂ ದಾಲ್ಚಿನ್ನಿ ವಾಸನೆ ಹೊಡೆಯುತ್ತದೆ ಎಂದು ಗಂಡ ಗೊಣಗಿದ. ಸಾಕಾಗಿ ಅಣ್ಣನಿಗೆ ಫೋನು ಮಾಡಿ, ಇನ್ನು ಕಳಿಸಬೇಡ ಅಂದೆ.

"ಹಂಗಾರ ಯಾರಿಗೆ ಕಳಸ್ಲಿ?" ಅಂದ.

ಮರುವರ್ಷ ಕಾಯಿ ಬಿಟ್ಟಾಗ, ಇದಕ್ಕೊಂದು ಗತಿ ಕಾಣಿಸಲೇಬೇಕೆಂದು ಬಬಲೇಶ್ವರದ ಮೇಲೆ ಹಾಯ್ದು ನಿಡೋಣಿಗೆ ಹೋದೆ. ಅಣ್ಣ ಆಗಲೇ ಅರ್ಧ ಗಿಡಗಳ ಕಾಯಿ ಹರಿದು ಮುಗಿಸಿದ್ದ. ಒಂದು ಗಿಡದ ನೆತ್ತಿಯಲ್ಲಿ, ಅವನ ಕಣ್ಣು ತಪ್ಪಿಸಿಕೊಂಡ ಒಂದು ಹಣ್ಣಿತ್ತು. ಹಳದಿಗೆ ತಿರುಗಿ, ಒಂದು ಕೆನ್ನೆ ಕೆಂಪಾಗಿ, ಇನ್ನೊಂದು ಕಡೆ ಗಿಳಿ ಕುಕ್ಕಿತ್ತು. ಕುಕ್ಕಿದ ಭಾಗ ಕತ್ತರಿಸಿ ಒಗೆದು ಉಳಿದದ್ದನ್ನು ತಿಂದೆ. ಸಕ್ಕರೆಯಂತಿತ್ತು.

"ಅಣ್ಣಾ, ನೀ ಎಲ್ಲಾ ಹಸೇದ ಹರಿಯಾಕತ್ತಿ!"

"ಗಿಳಿ ಬಿಡ್ತಾವೇನ? ಹಣ್ಣಾಗೂತನಾ ಬಿಟ್ರ ನನಗ ತೊಟ್ಟಷ್ಟ ಉಳೀತಾವ."

ಬದುವಿನ ಮೇಲೆ ನಿಂತಿದ್ದ ವೈನಿ ಹಣೆ ಬಡಿದುಕೊಂಡರು. "ನಾ ಹೋದ ವರ್ಷದಿಂದ ಅದನ್ನ ಹೇಳಾಕತ್ತೇನಿ. ದ್ರಾಕ್ಷಿಗೆ ಹಾಕೂ ಬಲಿ ಸುಮ್ನ ಬಿದ್ದೈತಿ. ನನ್ನ ಮಾತ ಈ ಮನ್ಯಾಗ ಯಾರ ಕೇಳ್ತಾರವಾ?"

ಹಳೆಯ ಬಲೆಯನ್ನು ವೈನಿ ಎಳೆದು ತಂದರು. ಇಬ್ಬರೂ ಸೇರಿ ಉಳಿದ ಗಿಡಗಳಿಗೆ ಹೊದಿಸಿದೆವು. ಗಾಳಿ ಆಡುವುದಿಲ್ಲ, ಕೊಂಬೆ ಮುರಿಯುತ್ತವೆ, ಮಂದಿ ನಗುತ್ತಾರೆ ಎಂದು ಅಣ್ಣ ಕಡೆಯವರೆಗೂ ಬೆನ್ನ ಹಿಂದೆ ಗೊಣಗುತ್ತಲೇ ಇದ್ದ.

ಕೆಲವು ವಾರಗಳ ಮೇಲೆ ಬಂದ ಸೇಬು ಘಮಘಮ ಎನ್ನುತ್ತಿತ್ತು. ಅವ್ವ ಸಿಪ್ಪೆ ಸಮೇತ ತಿಂದಳು. ವಿದೇಶಿ ಹಣ್ಣಿನ ಭಕ್ತನಾದ ನನ್ನ ಗಂಡ ಎರಡನೆಯದಕ್ಕೆ ಕೈ ಚಾಚಿದ. ಅಣ್ಣ ಮಾತ್ರ ಬಲೆಯ ಸುದ್ದಿಯನ್ನೇ ಎತ್ತಲಿಲ್ಲ. "ಗಿಡಕ್ಕ ವಯಸ್ಸಾದಂಗ ಸಿಹಿ ಬರ್ತಾವ" ಎಂದು ತಿಕೋಟಾದ ಮಂದಿಗೆಲ್ಲ ಹೇಳಿಕೊಂಡು ಬಂದನಂತೆ.

ಹೋಗಲಿ ಎಂದು ಆ ಹಣ್ಣಿನದೇ ಕೇಕು ಮಾಡಿದೆ. ಶಿರಾ ಆಯಿತು. ಹೋಳು ದಪ್ಪ ಮಾಡಿ ನೋಡಿದೆ, ಸಕ್ಕರೆ ಇಳಿಸಿ ನೋಡಿದೆ. ಮತ್ತೆ ಶಿರಾ. ಬರುವ ಭಾನುವಾರ ಅಣ್ಣ, ವೈನಿಯ ಜೊತೆ ಬಿಜ್ಜರಗಿಯವರು ನಮ್ಮ ಮನೆಗೆ ಬರುವವರಿದ್ದರು. ಅಣ್ಣನಿಗೆ ಫೋನು ಹಚ್ಚಿದೆ.

"ಒಂದ ಗಿಡದ್ದರ ಹಸೇದ ಹರದ ಕಳಸಣ್ಣಾ. ಕೇಕಿಗೆ ಬೇಕು."

"ಹಸೇ ಕಾಯಿ ಹರಿಯಾಕ ಮನಸರ ಹೆಂಗ ಬರ್ತೈತಿ ಬೇ ನಿನಗ? ನೀ ರೈತನ ಮಗಳ ಹೌದೋ ಅಲ್ಲೋ?"

ಫೋನು ಇಟ್ಟೆ. ಗಾಡಿಯವನ ಹತ್ತಿರ ಹೋಗಿ, ನಮ್ಮವರು ಅಂದು ಕಾಯಿ ಎಂದು ಸರಿಸಿದ್ದ ಆ ಹಸಿರು ಸೇಬನ್ನೇ ಕೊಂಡು ತಂದೆ. ಕೇಕು ಚೊಕ್ಕವಾಗಿ ಬಂತು. ಸೇಬು ಹೋಳು ಹೋಳಾಗಿ ನಿಂತಿತ್ತು. ಭಾನುವಾರ ಬೀಗರ ನಡುವೆ ಕುಳಿತು ಅಣ್ಣ ಮೊದಲ ತುಂಡು ಬಾಯಿಗಿಟ್ಟ.

"ನೋಡ್ರಿ, ನಮ್ಮ ಹಣ್ಣ ಹೆಂಗ ನಿಂತಾವ. ನಿಡೋಣಿ ಮಣ್ಣಂದ್ರ ಹಂಗ."

ಗಂಡ ನನ್ನ ಮುಖ ನೋಡಿದ. ನಾನು ಬಾಯಿ ತೆರೆಯುವಷ್ಟರಲ್ಲಿ ವೈನಿ ನನ್ನ ಮೊಣಕೈ ಹಿಡಿದು ಒತ್ತಿದರು. ಅಣ್ಣನ ತಾಟಿಗೆ ಇನ್ನೊಂದು ತುಂಡು ಹಾಕಿ, ಅಡುಗೆಮನೆಗೆ ಹೋಗಿ ಡಬ್ಬಿ ತಿಕ್ಕುತ್ತ ನಿಂತೆ.