ತೊಟ್ಟಿಲ ಹಗ್ಗ ನನ್ನ ಕಾಲಿನಲ್ಲಿತ್ತು

ಆ ದಿನಗಳಲ್ಲಿ ನಮ್ಮ ಊರು ಬೋರ್ಡಿನ ಮೇಲೆ ಬಿಜಾಪುರ, ಬಾಯಲ್ಲಿ ವಿಜಾಪುರ ಆಗಿತ್ತು. ವಿಜಯಪುರ ಆಗುವುದಕ್ಕೆ ಇನ್ನೂ ಕಾಲವಿತ್ತು. ಸೊಲ್ಲಾಪುರ ರಸ್ತೆಯಲ್ಲಿ ಲಾರಿಗಳ ನೆಗ್ಗಿದ ತಗಡು ಬಡಿದು ಸರಿಮಾಡುವ ಅಪ್ಪನ ವರ್ಕ್‌ಶಾಪು, ಅದರ ಬೆನ್ನಿಗೇ ನಮ್ಮ ಮನೆ. ಮುಂಜಾನೆ ಶುರುವಾದ ಸುತ್ತಿಗೆ ಅಪ್ಪ ಊಟಕ್ಕೆ ಕೂತಾಗ ಮಾತ್ರ ಬಾಯಿ ಮುಚ್ಚುತ್ತಿತ್ತು. ನಾನು ಕೂಸಾಗಿದ್ದಾಗ ಅದರ ಪ್ರತಿ ಪೆಟ್ಟಿಗೂ ಬೆಚ್ಚಿ ಎದ್ದು, ವರ್ಷವಿಡೀ ಯಾರಿಗೂ ನಿದ್ದೆ ಕೊಡದೆ, ಮನೆತನದ ಚರಿತ್ರೆಯಲ್ಲಿ ಕೆಟ್ಟ ಹೆಸರು ಸಂಪಾದಿಸಿದ್ದೆನಂತೆ. ಎಂಟು ವರ್ಷವಾದರೂ ಆ ಖಟ್ಲೆ ಇನ್ನೂ ಇತ್ಯರ್ಥವಾಗಿರಲಿಲ್ಲ. ಬಂದವರಿಗೆಲ್ಲ ಅವ್ವ ಹೇಳುತ್ತಿದ್ದಳು: "ಈಕಿ ಹುಟ್ಟಿದ ಮ್ಯಾಲ ನಾ ಕಣ್ಣು ಮುಚ್ಚಿದ್ದು ಯಾವಾಗಂತ ನನಗ ನೆನಪಿಲ್ರಿ."

ನನ್ನ ಮೂರನೆಯ ಇಯತ್ತೆಯ ಪರೀಕ್ಷೆ ಹತ್ತಿರ ಬಂದಾಗ ತಮ್ಮ ಮಲ್ಲು ಹುಟ್ಟಿದ. ಬಾಣಂತನಕ್ಕೆ ತಿಕೋಟಾದಿಂದ ಆಯಿ, ಅಂದರೆ ಅವ್ವನ ತಾಯಿ, ಒಂದು ಚೀಲ ಮಣೂಕ ಹೊತ್ತು ಬಂದಳು. ತಿಕೋಟಾದ ಒಣದ್ರಾಕ್ಷಿ ಬಾಣಂತಿಯ ಹೊಟ್ಟೆಗೆ ಹೋಗಲಿ ಎಂಬುದು ಅವಳ ಉದ್ದೇಶ. ಅರ್ಧ ನನ್ನ ಲಂಗದ ಕಿಸೆಗೆ ಹೋಗಲಿ ಎಂಬುದು ನನ್ನದು. ಮನೆ ತುಂಬ ಕೆಂಡದ ಕಾವು, ಲೋಬಾನದ ಹೊಗೆ, ಬಜೆ ತೇಯ್ದ ವಾಸನೆ, ಅಂಟಿನುಂಡಿಗೆ ಕಾಯುವ ತುಪ್ಪದ ಘಮ. ಹೊರಗೆ ವಿಜಾಪುರದ ಬೇಸಿಗೆ ಸಾಲದೆಂದು ಒಳಗೂ ಒಂದು ಬೇಸಿಗೆ ಮಾಡಿಕೊಂಡಿದ್ದೆವು.

ಸಾಲಿ ಸೂಟಿ ಬಿಟ್ಟ ಮರುದಿನವೇ ಆಯಿ ನನ್ನನ್ನು ತೊಟ್ಟಿಲಿನ ಉಸ್ತುವಾರಿಗೆ ನೇಮಿಸಿದಳು. ಹಗ್ಗದ ತುದಿಗೆ ಕುಣಿಕೆ ಮಾಡಿ ನನ್ನ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ, ಕೂಸಿನ ನಿದ್ದೆಯ ಕಾಯ್ದೆಗಳನ್ನು ಒಂದೊಂದಾಗಿ ಬೋಧಿಸಿದಳು.

"ಕೂಸಿಲ್ಲದ ಬರೇ ತೊಟ್ಟಲಾ ತೂಗಬಾರ್ದು. ಮಲಗಿದ ಕೂಸಿನ ಮಾರಿ ಭಾಳ ಹೊತ್ತು ನೋಡಬಾರ್ದು. ನಿದ್ದಿಯೊಳಗ ನಕ್ರ ಹಣೆಬರಹ ಬರಿಯೂ ಸೆಟಗೆವ್ವ ಆಡಸಾಕತ್ತಾಳ ಅಂತ ತಿಳಿ, ಎಬ್ಬಸಬ್ಯಾಡ."

"ಅತ್ರ?"

"ಅತ್ರ ಹಸದೈತಿ. ಹಾಲ ಕುಡದ ಮ್ಯಾಲ ಹೆಗಲಿಗೆ ಹಾಕ್ಕೊಂಡು ಡರಿಕಿ ಬರಸಬೇಕು, ಆಮ್ಯಾಲ ತೊಟ್ಟಿಲಕ್ಕ. ಈಗಿನ್ನೂ ಅದಕ್ಕ ಹಗಲು ಯಾವದು, ಇಳ್ಳು ಯಾವದು ತಿಳಿಯಂಗಿಲ್ಲ. ಕೋಳಿ ಕಾಳು ಹೆಕ್ಕಿದಂಗ ಚೂರು ಚೂರು ನಿದ್ದಿ ಮಾಡತೈತಿ. ನೀ ಹಗ್ಗ ಮಾತ್ರ ಸಾವಕಾಶ ಜಗ್ಗಬೇಕು, ತಿಳೀತಿಲ್ಲೊ? ದಕ್ಕನ ಜಗ್ಗಿದ್ರ ಬೆಚ್ಚಿ ಬೀಳತೈತಿ."

ಈ ಕೊನೆಯ ಕಾಯ್ದೆಯನ್ನು ನಾನು ಚೆನ್ನಾಗಿ ನೆನಪಿಟ್ಟುಕೊಂಡೆ. ಅಷ್ಟು ಚೆನ್ನಾಗಿ ನೆನಪಿಡಬಾರದಿತ್ತು.

ಮಲ್ಲುವಿನ ನಿದ್ದೆ ಎಂದರೆ ನಿದ್ದೆ. ಮುಂಜಾನೆ ಎಣ್ಣೆ ತಿಕ್ಕಿ, ಬಿಸಿನೀರು ಹಾಕಿ, ಲೋಬಾನದ ಹೊಗೆ ಹಿಡಿದು, ಕುಂಚಿಗೆ ಕಟ್ಟಿ ಮಲಗಿಸಿದರೆ ಹಸಿದಾಗಲೇ ಏಳುವುದು. ಹತ್ತು ಮಾರು ದೂರದಲ್ಲಿ ಲಾರಿಯ ಬಾಗಿಲು ಬಡಿಯುತ್ತಿದ್ದರೂ ಅವನ ರೆಪ್ಪೆ ಅಲುಗುತ್ತಿರಲಿಲ್ಲ. ಅಪ್ಪ ಗಿರಾಕಿಗಳನ್ನು ಒಳಗೆ ಕರೆತಂದು ತೋರಿಸುತ್ತಿದ್ದ. "ನೋಡ್ರಿ, ವರ್ಕ್‌ಶಾಪಿನ ವಾರಸದಾರ! ತಗಡಿನ ಸಪ್ಪಳನ ಇವಗ ಜೋಗುಳ." ಪಕ್ಕದ ಮನೆಯ ಶಾಂತಕ್ಕ ಗಲ್ಲಕ್ಕೆ ಕೈ ಹಚ್ಚಿ, "ಎಂಥಾ ಶಾಣ್ಯಾ ಕೂಸ ಬೇ ನಿಂದು! ನಮ್ಮದು ಹಲ್ಲಿ ಲೊಚಗುಟ್ಟಿದ್ರೂ ಏಳತೈತಿ" ಎಂದರೆ ಅವ್ವ ನಗುತ್ತಿದ್ದಳು. ಮಧ್ಯಾಹ್ನ ಬಾಯಿ ತೆರೆದುಕೊಂಡು ಮಲಗುತ್ತಿದ್ದಳು. ಅವ್ವ ಹಾಗೆ ಮಲಗಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನನ್ನ ಅಪರಾಧಕ್ಕೆ ತಮ್ಮ ದಂಡ ಕಟ್ಟುತ್ತಿದ್ದಾನೆ ಎನಿಸಿ ಅವನ ಮೇಲೆ ಬಹಳ ಅಭಿಮಾನ ಬಂತು.

ಅಭಿಮಾನ ಹೆಚ್ಚಾಗಿ ಪ್ರದರ್ಶನ ಆರಂಭಿಸಿದೆ. ಓಣಿಯ ಹುಡುಗರು ಒಬ್ಬೊಬ್ಬರಾಗಿ ಬಂದು ಪೀಪಿ ಊದಿದರು, ಗಂಗಾಳ ಬಡಿದರು, ಒಬ್ಬಳು ನಾಯಿಯಂತೆ ಬೊಗಳಿದಳು. ಮಲ್ಲು ಎಲ್ಲರನ್ನೂ ಸೋಲಿಸಿ ಮಲಗಿದ್ದ. ನಾನು ಪೈಲ್ವಾನನ ವಸ್ತಾದನಂತೆ ಹಗ್ಗ ಹಿಡಿದು ಕೂತಿದ್ದೆ.

ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನು ನೋಡುತ್ತಿದ್ದ ಆಯಿ ನಗಲಿಲ್ಲ. ಮರುದಿನ ಮಲ್ಲು ಎಚ್ಚರವಾಗಿ ಜಂತಿ ನೋಡುತ್ತಿದ್ದಾಗ ಅವನ ತಲೆಯ ಹಿಂದೆ ಕೂತು ಬಳೆ ಅಲುಗಿಸಿದಳು. ಚಪ್ಪಾಳೆ ತಟ್ಟಿದಳು. ಅವನು ಜಂತಿಯನ್ನೇ ನೋಡುತ್ತಿದ್ದ. ಮೂರು ದಿನ ಹೀಗೇ ಮಾಡಿ, ನಾಲ್ಕನೆಯ ದಿನ ಅವ್ವನ ಪಕ್ಕ ಕೂತು ಮೆಲ್ಲಗೆ ಅಂದಳು: "ಯವ್ವಾ, ಮಲಗಿದಾಗ ಏಳಂಗಿಲ್ಲಂದ್ರ ಒಪ್ಪತೀನಿ. ಎಚ್ಚರ ಇದ್ದಾಗರೆ ತಿರುಗಬೇಕಲ್ಲ? ಕೂಸಿಗೆ ಕೇಳಸೂದಿಲ್ಲಂತ ಅನಸತೈತಿ. ಒಮ್ಮಿ ಡಾಕ್ಟರಿಗೆ ತೋರಿಸೂಣು."

ಅವ್ವನ ಮುಖದಲ್ಲಿದ್ದ ಎರಡು ತಿಂಗಳ ನಿದ್ದೆಯೆಲ್ಲ ಒಂದೇ ಕ್ಷಣದಲ್ಲಿ ಇಳಿದುಹೋಯಿತು. "ಏನ ಮಾತಾಡತಿ ಬೇ? ಬಾಯಾಗ ಹುಳಾ ಬೀಳ್ಲಿ!" ಎಂದು ಸ್ವಂತ ತಾಯಿಗೇ ಅಂದಳು. ಆಮೇಲೆ ಅಪ್ಪನನ್ನು ಕೂಗಿ ಕರೆದಳು. "ಬರ್ರಿ ಇಲ್ಲೆ, ತಗಡ ತಗೊಂಡ ಬರ್ರಿ. ಇದರ ಮುಂದ ಬಡೀರಿ. ಇವತ್ತ ಹರದ ಹೋಗ್ಲಿ."

ಮಲ್ಲು ಹಾಲು ಕುಡಿದು ಆಗಷ್ಟೇ ಮಲಗಿದ್ದ. ಅಪ್ಪ ಪಡಸಾಲೆಯಲ್ಲಿ ಒಂದು ತಗಡನ್ನು ನಿಲ್ಲಿಸಿ ಸುತ್ತಿಗೆ ಎತ್ತಿದ. ನಾನು ಎಂದಿನ ಜಾಗದಲ್ಲಿ, ಲಂಗದ ಕೆಳಗೆ ಹೆಬ್ಬೆರಳಿಗೆ ಕುಣಿಕೆ ಸಿಕ್ಕಿಸಿಕೊಂಡು ಕೂತಿದ್ದೆ. ಮೊದಲ ಪೆಟ್ಟು ಬಿತ್ತು. ತೊಟ್ಟಿಲು ಸುಮ್ಮನಿತ್ತು. ಎರಡನೆಯದು ಬಿತ್ತು. ಸುಮ್ಮನಿತ್ತು. ಅವ್ವನ ತುಟಿ ಅದುರತೊಡಗಿತು. ಮೂರನೆಯ ಪೆಟ್ಟಿನ ಜೊತೆಗೇ ನಾನು ಬೆರಳು ಮಡಚಿ ದಕ್ಕನೆ ಜಗ್ಗಿದೆ.

ಮಲ್ಲು ಎರಡೂ ಕೈ ಮೇಲೆತ್ತಿ ಬೆಚ್ಚಿ, ಮನೆ ಹಾರಿಹೋಗುವಂತೆ ಅತ್ತ.

ಅವ್ವ ಅವನನ್ನು ಬಾಚಿ ಎದೆಗೊತ್ತಿಕೊಂಡು ತಾನೂ ಅತ್ತಳು, ನಕ್ಕಳು. "ನೋಡಿದ್ಯಾ? ಕೇಳಸಲಿಲ್ಲೇನ? ನನ್ನ ಕೂಸಿಗೆ ಕಣ್ಣ ಹಚ್ಚಬ್ಯಾಡ ಯವ್ವಾ, ಕೈ ಮುಗೀತೀನಿ." ಅಪ್ಪ ಸುತ್ತಿಗೆ ಕೆಳಗಿಟ್ಟು ಬೆವರು ಒರೆಸಿಕೊಂಡ. ಆಯಿ ಮಾತ್ರ ನನ್ನ ಲಂಗದ ಅಂಚನ್ನು ನೋಡುತ್ತಿದ್ದಳು.

ಮರುದಿನ ಆಯಿ ಗಂಟು ಕಟ್ಟಿದಳು. ಇನ್ನೂ ನಿಲ್ಲು ಎಂದು ಅವ್ವ ಬಾಯಿಮಾತಿಗೂ ಹೇಳಲಿಲ್ಲ. ಹೊರಡುವ ಮೊದಲು ಆಯಿ ಕಟ್ಟೆಯ ಮೇಲೆ ನನ್ನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿಗೆ ಕೊಬ್ಬರಿ ಎಣ್ಣೆ ತಿಕ್ಕಿದಳು.

"ಕೆಂಪಾಗೇತಲ್ಲ ಬೇ. ಭಾಳ ಜೋರ ಜಗ್ಗಿದಿ."

ನಾನು ಪಾದ ಹಿಂದಕ್ಕೆ ಎಳೆದುಕೊಳ್ಳಲು ನೋಡಿದೆ. ಆಯಿ ಬಿಡಲಿಲ್ಲ.

"ನಾ ಹೇಳಿದ್ರ ನಿಮ್ಮವ್ವ ನಂಬಂಗಿಲ್ಲ. ನೀನ ಹೇಳಬೇಕು. ಹೇಳತಿಯಲ್ಲ?"

ಹೂಂ ಎಂದು ತಲೆಯಾಡಿಸಿದೆ. ಆಯಿ ಉಳಿದ ಮಣೂಕವನ್ನು ನನ್ನ ಕಿಸೆಗೆ ಸುರಿದು ತಿಕೋಟಾ ಬಸ್ಸಿಗೆ ಹೋದಳು. ಮಣೂಕ ಎರಡು ದಿನಕ್ಕೆ ಮುಗಿಯಿತು. ಹೇಳಬೇಕಾದ ಮಾತು ಮುಗಿಯಲಿಲ್ಲ. ದಿನಾ ಮಧ್ಯಾಹ್ನ ಅವ್ವ ಮಲಗಿರುವಾಗ, ಎದ್ದ ಮೇಲೆ ಹೇಳೋಣ ಎಂದುಕೊಳ್ಳುತ್ತಿದ್ದೆ. ಎದ್ದ ಮೇಲೆ ಅವಳು ಮಲ್ಲುವಿಗೆ ಜೋಗುಳ ಹಾಡುತ್ತಿದ್ದಳು.

ಮಲ್ಲುವಿಗೆ ಎರಡು ತುಂಬಿದರೂ 'ಅವ್ವ' ಎಂಬ ಮಾತು ಬರಲಿಲ್ಲ. ಡಾಕ್ಟರು ಪರೀಕ್ಷೆ ಮಾಡಿ ಒಂದೇ ಪ್ರಶ್ನೆ ಕೇಳಿದರು: "ಇಷ್ಟು ತಡಾ ಯಾಕ ಮಾಡಿದ್ರಿ?" ಟಾಂಗಾದಲ್ಲಿ ಮನೆಗೆ ಬರುವಾಗ ಅವ್ವ ಒಂದೇ ಮಾತಾಡಿದಳು. "ನಮ್ಮವ್ವ ಹೇಳಿದ್ಲು." ಅಷ್ಟರಲ್ಲಿ ಆಯಿ ತೀರಿಕೊಂಡು ಆರು ತಿಂಗಳಾಗಿತ್ತು. ಆ ಬೇಸಿಗೆಯ ನಂತರ ಅವಳು ನಮ್ಮ ಮನೆಯ ಹೊಸ್ತಿಲು ತುಳಿದಿರಲಿಲ್ಲ.

ಈಗ ವರ್ಕ್‌ಶಾಪು ಮಲ್ಲುವಿನದು. ತಗಡಿನ ಮೇಲೆ ಅಂಗೈ ಆಡಿಸಿ, ಎಲ್ಲಿ ನೆಗ್ಗಿದೆ ಎಂದು ಅಪ್ಪನಿಗಿಂತ ಚೆನ್ನಾಗಿ ಹೇಳುತ್ತಾನೆ, ಬೆರಳುಗಳಲ್ಲಿ. ಅವನ ಹೆಂಡತಿ ಬಬಲೇಶ್ವರದವಳು, ಅವಳಿಗೂ ಕಿವಿ ಕೇಳಿಸದು. ಹೋದ ತಿಂಗಳು ಅವರಿಗೆ ಮಗಳು ಹುಟ್ಟಿದಳು. ಮೂರನೆಯ ದಿನವೇ ಆಸ್ಪತ್ರೆಯಲ್ಲಿ ಯಂತ್ರ ಹಚ್ಚಿ ನೋಡಿ, ಕೇಳಿಸುತ್ತದೆ ಎಂದರು. ಎಷ್ಟು ಸಲೀಸು.

ನಾನು ನೋಡಲು ಹೋದಾಗ ಅದೇ ಹಳೆಯ ತೊಟ್ಟಿಲು ಪಡಸಾಲೆಯಲ್ಲಿತ್ತು. ಕೂಸಿನ ಕುಂಚಿಗೆಗೆ ಒಂದು ಮೆತ್ತನೆಯ ದಾರ ಕಟ್ಟಿ, ಇನ್ನೊಂದು ತುದಿಯನ್ನು ಮಲ್ಲು ತನ್ನ ಮಣಿಕಟ್ಟಿಗೆ ಸುತ್ತಿಕೊಂಡು ಕೂತಿದ್ದ. ಕೂಸು ಮಿಸುಕಿದರೆ ಅವನಿಗೆ ತಿಳಿಯುತ್ತದೆ. ಕೇಳಿಸಿಕೊಳ್ಳಲು ಅವ್ವ ಇದ್ದಾಳೆ. ಆದರೂ ಮಗಳ ಎಚ್ಚರ ತನಗೇ ಮೊದಲು ಮುಟ್ಟಬೇಕೆಂದು ಅವನ ಹಟ. ಊಟಕ್ಕೆ ಏಳುವಾಗ ದಾರ ಬಿಚ್ಚಿ ನನ್ನ ಕೈಗೆ ಸುತ್ತಿ, ಹುಷಾರ್ ಎಂದು ಬೆರಳೆತ್ತಿ ಹೋದ. ನನ್ನನ್ನು ಅವನು ಪೂರ್ತಿ ನಂಬುತ್ತಾನೆ.

ಕಾಲು ಮಡಚಿ ಕೂತೆ. ಅಪ್ಪ ಇಲ್ಲ, ಲೋಬಾನದ ಹೊಗೆಯಿಲ್ಲ, ಪೀಪಿ ಊದುವ ಓಣಿಯ ಹುಡುಗರಿಲ್ಲ. ತಮ್ಮನ ಎರಡು ವರ್ಷ ಇಲ್ಲ. ಒಂದೇ ಒಂದು ಮಾತಿಗಾಗಿ ತಿಕೋಟಾದಲ್ಲಿ ಕಾಯುತ್ತಿದ್ದ ಆಯಿ ಇಲ್ಲ.

ಅಡುಗೆಮನೆಯಲ್ಲಿ ಅವ್ವನ ಕೈಯಿಂದ ತಾಟು ಜಾರಿ ಬಿತ್ತು. ಕೈಯಲ್ಲಿದ್ದ ದಾರ ದಕ್ಕನೆ ಜಗ್ಗಿತು.

"ಕೂಸು ಎದ್ದಿತೇನ ಬೇ?" ಅವ್ವ ಒಳಗಿನಿಂದ ಕೂಗಿದಳು.

"ಎದ್ದೈತಿ ಯವ್ವಾ," ಅಂದೆ. "ತಾನ ಎದ್ದೈತಿ. ನಾ ಜಗ್ಗಿಲ್ಲ."